ತಂತಿ ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ

ಸೈರನ್ನಿನ ಪೆಟ್ಟಿಗೆ ಇಮಸಳ ಮೇಜಿಗೆ ಬಂದದ್ದು ಅವಳ ಚಿಕ್ಕಪ್ಪ ರುಕಂದನನ್ನು ಹೊಳೆ ಕೊಂಡೊಯ್ದ ಐದನೇ ದಿನ. ಹೊಳೆ ಕಚೇರಿಯ ಹೆರ್ಲಾನ್ ಅದನ್ನು ಬೈಕಿನ ಹಿಂದೆ ರಬ್ಬರ್ ಪಟ್ಟಿಯಲ್ಲಿ ಬಿಗಿದುಕೊಂಡು ತಂದಿದ್ದ. ಮೇಜಿನ ಮೇಲಿಟ್ಟು, ತೋಳಲ್ಲಿ ಮುಖ ಒರೆಸಿಕೊಂಡು ಕುರ್ಚಿ ಎಳೆದು ಕೂತ.

"ತೇ ಇಮಸ್," ಅಂದ, ಅಕ್ಕ ಅನ್ನುವ ಹಾಗೆ, "ಸರಿ ಇದೆ ಅಂತ ಬರೆದು ಒಂದು ಸೈನ್ ಹಾಕಿಬಿಡಿ. ಸೋಮವಾರ ಫೈಲು ಮುಚ್ಚಬೇಕು. ನಾನೇ ನೋಡಿದೀನಿ, ಗುಂಡಿ ಒತ್ತಿದ್ರೆ ಕಿವಿ ಕಿತ್ತು ಬರೋ ಹಾಗೆ ಕೂಗ್ತು."

"ಯಾವ ಗುಂಡಿ?"

"ಇದೇ, ಪೆಟ್ಟಿಗೆ ಮೇಲಿರೋದು."

"ಸೇತುವೆ ಹತ್ರ ಹೋಗಿ ಅಲ್ಲಿಂದ ನೋಡಲಿಲ್ವಾ?"

"ಅಯ್ಯೋ, ಆ ಕೆಸರಲ್ಲಿ ಮೂರು ಕಿಲೋಮೀಟರ್ ಯಾರು ಹತ್ತಾರೆ ತೇ? ಕೂಗ್ತಲ್ಲ, ಸಾಲ್ದಾ?" ಹೆರ್ಲಾನ್ ದನಿ ತಗ್ಗಿಸಿದ. "ಪಾಪ, ನಿಮ್ಮ ಚಿಕ್ಕಪ್ಪಂಗೆ ಕಿವಿ ಮಂದ ಅಂತ ಊರೇ ಹೇಳುತ್ತೆ. ಇನ್ನೇನು ಬರೀಲಿ ನಾನು?"

ಇಮಸ್ ಸೈನ್ ಹಾಕಬೇಕಾದ ಕಾಗದವನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡಳು. ಅವನು ನೀರು ಕುಡಿದು ಹೊರಟುಹೋದ.

ಇಮಸಳ ಅಂಗಡಿ ಬೋಗೋರ್ ಪಟ್ಟಣದ ರೈಲು ಹಳಿಯ ಹಿಂದಿನ ಬೀದಿಯಲ್ಲಿದೆ. ಈ ಊರಲ್ಲಿ ಮಧ್ಯಾಹ್ನ ಗುಡುಗದಿದ್ದರೆ ಜನ ಗಡಿಯಾರ ನಿಂತಿದೆಯೇನೋ ಅಂತ ನೋಡಿಕೊಳ್ಳುತ್ತಾರೆ. ಬೇರೆಯವರು ಕೊಡೆ ಮಾರಿ ಬದುಕಿದರೆ ಇವಳು ಸಿಡಿಲಿಗೆ ಕಾವಲು ಮಾರಿ ಬದುಕಿದವಳು. ಟೆಲಿಫೋನ್ ಪೆಟ್ಟಿಗೆ, ಕಾರ್ಖಾನೆಯ ಮೀಟರು, ನೀರಿನ ಪಂಪಿನ ಬೋರ್ಡು, ಯಾವುದೇ ಇರಲಿ, ಸಿಡಿಲಿನ ಹೊಡೆತ ತಂತಿ ಹಿಡಿದು ಒಳಗೆ ನುಗ್ಗದ ಹಾಗೆ ಬಾಗಿಲಲ್ಲೇ ತಡೆಯುವ ಭಾಗಗಳನ್ನು ಆರಿಸಿ ಕೂರಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿದ್ದಾಳೆ. ಇಮಸ್ ಆರಿಸಿದ ಮೇಲೆ ಮುಗೀತು, ಎರಡನೇ ಮಾತಿಲ್ಲ ಅನ್ನುತ್ತಿದ್ದರು ಗಿರಾಕಿಗಳು.

ಪಸಿರ್ ಕಿಯಾರದ ಸೈರನ್ನಿಗೂ ಅವಳೇ ಆರಿಸಿದ್ದು. ಅದು ಅವಳು ಹುಟ್ಟಿದ ಊರು. ಅಲ್ಲಿಯ ಗಂಡಸರು ಚಿಗಂಬಿರ್ ಹೊಳೆಯ ನಡುವೆ ನಿಂತು ಕಲ್ಲು ಎತ್ತಿ ಹೊಟ್ಟೆ ಹೊರೆಯುವವರು. ಹೊಳೆಯ ಬುದ್ಧಿ ಎಂಥದು ಅಂದರೆ, ಊರಲ್ಲಿ ಬಿಸಿಲು ಸುಡುತ್ತಿರುವಾಗಲೇ ಬೆಟ್ಟದ ಮೇಲೆ ಮಳೆ ಹೊಯ್ದು, ಹತ್ತೇ ನಿಮಿಷದಲ್ಲಿ ಆಳೆತ್ತರದ ಕೆಂಪು ನೀರು ಇಳಿದುಬಿಡುತ್ತದೆ. ಅದಕ್ಕೇ ಮೂರು ಕಿಲೋಮೀಟರ್ ಮೇಲಿನ ಸೇತುವೆಗೆ ಒಂದು ತೇಲುಬುರುಡೆ ಕಟ್ಟಿದ್ದಾರೆ. ನೀರು ಏರಿದರೆ ಬುರುಡೆ ಏರುತ್ತದೆ, ಹಳೇ ಚಹಾ ತೋಟದ ಟೆಲಿಫೋನ್ ಕಂಬಗಳ ಮೇಲಿನ ತಂತಿಯಲ್ಲಿ ಸುದ್ದಿ ಇಳಿಯುತ್ತದೆ, ಮಸೀದಿ ಪಕ್ಕದ ಸೈರನ್ ಕೂಗುತ್ತದೆ, ಗಂಡಸರು ಕಲ್ಲು ಬಿಸಾಕಿ ದಡ ಹತ್ತುತ್ತಾರೆ. ಮೊಬೈಲಿಗೆ ಆ ಕಣಿವೆಯಲ್ಲಿ ಮಸೀದಿ ಹಿಂದಿನ ದಿಬ್ಬ ಬಿಟ್ಟರೆ ಎಲ್ಲೂ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಎಲ್ಲರ ಜೀವ ಆ ಒಂದು ತಂತಿಯಲ್ಲಿತ್ತು.

ರುಕಂದ ಸತ್ತ ದಿನ ಊರಲ್ಲಿ ಮದುವೆ. ಧ್ವನಿವರ್ಧಕ ಹಾಕಿ ಹಾಡು ಹಚ್ಚಿದ್ದರು, ಪಕ್ಕದವನು ಕೂಗಿದರೂ ಕೇಳದು. ಕಲ್ಲಿನವರೆಲ್ಲ ಊಟಕ್ಕೆ ಹೋಗಿದ್ದರು. ರುಕಂದ ಮಾತ್ರ "ಇನ್ನೊಂದು ಗುಡ್ಡೆ ಮುಗಿಸಿ ಬರ್ತೀನಿ, ನನಗೆ ಒಂದು ತುಂಡು ಮೇಕೆ ಮಾಂಸ ತೆಗೆದಿಡಿ" ಅಂದು ಹೊಳೆಯಲ್ಲೇ ಉಳಿದ. ಮಳೆಗಾಲದ ಮೊದಲ ದೊಡ್ಡ ಮಳೆ, ಮೊದಲ ಪ್ರವಾಹ. ಅವನ ಬುಟ್ಟಿ ಎರಡು ಊರಾಚೆ ಸಿಕ್ಕಿತು, ಅವನು ಮರುದಿನ ಸಿಕ್ಕಿದ.

ಸೈರನ್ ಕೂಗಿತೇ? ಮದುವೆ ಮನೆಯವರಿಗೆ ಗೊತ್ತಿಲ್ಲ. ಕೆಲವರು "ಕೇಳಿದ ಹಾಗಿತ್ತಪ್ಪ" ಅಂದರು. ಕಚೇರಿಯವರು ಬಂದು ಗುಂಡಿ ಒತ್ತಿದ ಮೇಲಂತೂ ಎಲ್ಲರೂ ಕೇಳಿದವರೇ. ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ? ಅವನ ಮಂದ ಕಿವಿಯ ಮೇಲೆ ಗೂಬೆ ಕೂರಿಸಿ ಊರು ಕೈ ತೊಳೆದುಕೊಂಡಿತು.

ಇಮಸ್ ಪೆಟ್ಟಿಗೆಯ ಗುಂಡಿ ಒತ್ತಿದಳು. ಕೂಗಿತು. ಆಮೇಲೆ ತಂತಿ ಬಂದು ಸೇರುವ ಜಾಗಕ್ಕೆ, ಸೇತುವೆಯಿಂದ ಸುದ್ದಿ ಬರುವ ಹಾಗೆಯೇ ಬ್ಯಾಟರಿಯ ಎರಡು ತಂತಿ ಮುಟ್ಟಿಸಿದಳು. ಸೊಲ್ಲೇ ಇಲ್ಲ. ಇನ್ನೊಮ್ಮೆ ಮುಟ್ಟಿಸಿದಳು. ಇಲ್ಲ. ಮುಚ್ಚಳ ಬಿಚ್ಚಿದಳು.

ಒಳಗೆ ಬೋರ್ಡು ನಿನ್ನೆ ಮಾಡಿದ ಹಾಗೆ ಹೊಳೆಯುತ್ತಿತ್ತು. ಒಂದು ಸುಟ್ಟ ಕಲೆಯಿಲ್ಲ, ಒಂದು ಕಪ್ಪಿಲ್ಲ. ಬಾಗಿಲಲ್ಲಿ ಮಾತ್ರ, ತಂತಿ ಒಳಬರುವ ಕಡೆ, ಸಿಡಿಲು ತಡೆಯುವ, ಹುಣಸೆ ಬೀಜದಷ್ಟಿದ್ದ ಗ್ಯಾಸ್ ಟ್ಯೂಬಿನ ಮೇಲಿನ ಸ್ಪ್ರಿಂಗ್ ಕ್ಲಿಪ್ಪು ಕೆಳಗೆ ಬಿದ್ದು ಸುದ್ದಿ ಒಳಗೆ ಬರದ ಹಾಗೆ ತಂತಿಯನ್ನು ನೆಲದ ಅರ್ಥಿಂಗಿಗೆ ಕಟ್ಟಿಹಾಕಿತ್ತು. ಕ್ಲಿಪ್ಪಿನ ಅಂಚಿಗೆ ಹಸಿರು ಕಿಲುಬು ಬಂದಿತ್ತು.

ಅವಳು ಆ ಟ್ಯೂಬು ಕಿತ್ತು ತೆಗೆದಳು. "ಅಯ್ಯೋ, ನನ್ನ ಕೈ ಸೇದಿಹೋಗಲಿ" ಅಂದಳು. ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದ ಕೆಲಸದ ಹುಡುಗಿಯರಿಬ್ಬರು ತಲೆಯೆತ್ತಿ ನೋಡಿದರು.

ನಾಲ್ಕು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಅವಳೂ ಅವಳ ಅಪ್ಪ ಅಬಾ ಸುಹಂದನೂ ಕೂತಿದ್ದರು, ನಡುವೆ ಬೇಯಿಸಿದ ಕಡಲೆಕಾಯಿ. ಅಬಾ ಮೂವತ್ತೊಂದು ವರ್ಷ ಟೆಲಿಫೋನ್ ತಂತಿ ರಿಪೇರಿ ಮಾಡಿದವರು. ಮಗಳಿಗೆ ಮೀಟರು ಹಿಡಿಯಲು ಕಲಿಸಿದ್ದೂ ಅವರೇ. ಅವಳು ಎರಡು ಟ್ಯೂಬು ತೋರಿಸಿ ಕೇಳಿದ್ದಳು, "ಅಬಾ, ಕ್ಲಿಪ್ ಇರೋದಾ, ಇಲ್ಲದ್ದಾ?"

ವ್ಯತ್ಯಾಸ ಸಣ್ಣದು. ಎರಡೂ ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುತ್ತವೆ. ಹೊಡೆತದ ಮೇಲೆ ಹೊಡೆತ ಬಿದ್ದು ಸಾಯುವಾಗ ಮಾತ್ರ ಬೇರೆ ಬೇರೆ ಸಾವು. ಕ್ಲಿಪ್ ಇಲ್ಲದ್ದು ಸತ್ತರೆ ತಂತಿ ತೆರೆದೇ ಇರುತ್ತದೆ. ಕೆಲಸ ನಡೆಯುತ್ತದೆ, ಆದರೆ ಮುಂದಿನ ಸಿಡಿಲು ಒಳಗಿದ್ದುದನ್ನೆಲ್ಲ ಸುಡುತ್ತದೆ. ಕ್ಲಿಪ್ ಇದ್ದದ್ದು ಕಾದು ಸಾಯುವಾಗ ಸ್ಪ್ರಿಂಗು ಬಿದ್ದು ತಂತಿಯ ಬಾಯಿ ಮುಚ್ಚುತ್ತದೆ. ಒಳಗಿನದು ಉಳಿಯುತ್ತದೆ, ತಂತಿ ಮೂಕವಾಗುತ್ತದೆ.

"ಇದರಲ್ಲಿ ಕೇಳೋದೇನಿದೆ ನೆಂಗ್?" ಅಂದಿದ್ದರು ಅಬಾ, ಮಗಳನ್ನು ಮುದ್ದಿನಿಂದ ಹಾಗೇ ಕರೆದು, ಸಿಪ್ಪೆ ಉಗಿಯುತ್ತ. "ಕ್ಲಿಪ್ ಇರೋದೇ ಹಾಕು. ಸತ್ತ ತಂತಿ ತಾನೇ ದೂರು ಕೊಡುತ್ತೆ. ಬೆಳಿಗ್ಗೆ ಯಾರೋ ಒಬ್ಬ ಫೋನೆತ್ತುತ್ತಾನೆ, ಸದ್ದಿಲ್ಲ, ಮಧ್ಯಾಹ್ನದೊಳಗೆ ಕಚೇರಿಗೆ ಬಂದು ನಮ್ಮಪ್ಪ ಅಮ್ಮನ್ನೆಲ್ಲ ಬೈತಾನೆ. ನಾವು ಹೋಗಿ ಟ್ಯೂಬು ಬದಲಾಯಿಸಿ ಬರ್ತೀವಿ. ಒಂದು ಎಕ್ಸ್‌ಚೇಂಜೂ ಸುಟ್ಟಿಲ್ಲ ನನ್ನ ಕಾಲದಲ್ಲಿ."

ಇಮಸ್ ಹೂಂ ಅಂದಿದ್ದಳು. ಅಬಾನ ಮಾತು ನೂರಕ್ಕೆ ನೂರು ಸರಿ, ಫೋನಿನ ಮಟ್ಟಿಗೆ. ಆದರೆ ಸೈರನ್ನಿನ ತಂತಿಯನ್ನು ಎತ್ತಿ ಕಿವಿಗಿಡುವವರು ಯಾರು? ಅದು ಬೇಸಿಗೆಯುದ್ದಕ್ಕೂ ಸುಮ್ಮನಿರಬೇಕಾದ ತಂತಿ. ಬದುಕಿದ್ದರೂ ಸುಮ್ಮನಿರುತ್ತದೆ, ಸತ್ತರೂ ಸುಮ್ಮನಿರುತ್ತದೆ. ಟೆಲಿಫೋನಿನ ಅನ್ನ ಉಂಡವರು ಮಾತ್ರ ಮಾಡಬಹುದಾದ ತಪ್ಪು ಇದು. ಅಪ್ಪ ಮಗಳು ಇಬ್ಬರೂ ಸೇರಿ ಮಾಡಿದರು, ಕಡಲೆಕಾಯಿ ತಿನ್ನುತ್ತ.

ಆ ದಿನವೂ ಮರುದಿನವೂ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಬಾ ಉಳಿಯುತ್ತಾರೆಯೇ? ಎಪ್ಪತ್ತನಾಲ್ಕು ವರ್ಷದ ಜೀವ, ಎದೆಗೆ ಎರಡು ಬಗೆ ಮಾತ್ರೆ ನುಂಗುತ್ತ ಇರುವುದು. ರುಕಂದ ಅವರ ಒಬ್ಬನೇ ತಮ್ಮ. ಹೇಳದಿದ್ದರೆ ಚಿಕ್ಕಪ್ಪ ಕಿವುಡನಾಗಿ, ಅಜಾಗರೂಕನಾಗಿ ಕಚೇರಿಯ ಕಾಗದದಲ್ಲಿ ಉಳಿಯುತ್ತಾನೆ, ಅದೂ ಅವಳ ಸೈನಿನ ಮೇಲೆ. ಬಿಸಿ ತುಪ್ಪ ಬಾಯಲ್ಲಿ, ನುಂಗಲೂ ಆಗದು, ಉಗುಳಲೂ ಆಗದು. ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಏಳನೇ ದಿನದ ಪ್ರಾರ್ಥನೆಗೆ ಊರಿಗೆ ಹೋದಳು.

ಸಂಜೆಯ ಪ್ರಾರ್ಥನೆಗೆ ಬರುವವರಿಗಾಗಿ ಹೆಂಗಸರು ಹಿತ್ತಲಲ್ಲಿ ಅಡುಗೆ ಮಾಡುತ್ತಿದ್ದರು. ಇಮಸ್ ಬಿಬಿ ಅಂತ ಕರೆಯುವ ಚಿಕ್ಕಮ್ಮ, ರುಕಂದನ ಹೆಂಡತಿ ಉನಾ ಮೆಣಸಿನಕಾಯಿ ಅರೆಯುತ್ತಿದ್ದಳು. ಅಳು ಮುಗಿದು ಸಿಟ್ಟು ಶುರುವಾಗಿತ್ತು ಅವಳಿಗೆ. ಒಂದೊಂದು ಮಾತಿಗೂ ಕಲ್ಲು ಜೋರಾಗಿ ಎಳೆಯುತ್ತಿದ್ದಳು.

"ಎರಡು ವರ್ಷದಿಂದ ಬಡ್ಕೊಂಡೆ ಇಮಸ್. ಕಿವಿ ತೋರಿಸ್ಕೋ, ಕಿವಿ ತೋರಿಸ್ಕೋ ಅಂತ. ಕೇಳಿದ್ನಾ? 'ನಿನ್ನ ಗೊಣಗಾಟ ಕೇಳದೇ ಇರೋದೇ ವಾಸಿ' ಅಂತ ನಗ್ತಿದ್ದ. ಈಗ ನೋಡು. ಊರಿಗೆಲ್ಲ ಕೇಳಿದ ಸೈರನ್ನು ಈ ಪುಣ್ಯಾತ್ಮಂಗೆ ಕೇಳಲಿಲ್ಲ. ಸಾಯೋಕೆ ಮುಂಚೆ ನನ್ನ ಮಾತು ಕೇಳೋಕೆ ಏನು ರೋಗ ಬಂದಿತ್ತು ಅವನಿಗೆ?"

"ಹಾಗನ್ಬೇಡಿ ಬಿಬಿ."

"ಯಾಕನ್ಬಾರ್ದು? ಏಳು ದಿನದಿಂದ ಬೈತಾನೇ ಇದೀನಿ. ಗೋರಿ ಹತ್ರ ಹೋಗಿ ಬೈದು ಬಂದೆ ನಿನ್ನೆ."

ಇಮಸ್ ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡು ಮುಂದಕ್ಕೆ ಹೋದಳು. ಮುಂದಿನ ಜಗಲಿಯಲ್ಲಿ ಅಬಾ ನಾಲ್ಕು ಜನರ ಜೊತೆ ಕೂತಿದ್ದರು. ಒಬ್ಬ ಹೇಳುತ್ತಿದ್ದ, "ನಿಮ್ಮ ಮಗಳು ಮಾಡಿದ ಪೆಟ್ಟಿಗೆ, ಅದು ಕೆಡುತ್ತಾ ಅಬಾ?" ಅಬಾ ತಲೆ ತಗ್ಗಿಸಿ, "ನನ್ನ ತಮ್ಮ ಮೊದಲಿಂದ್ಲೂ ಹಾಗೇ. ಮೂರು ಸಲ ಕರೆದ್ರೆ ಒಂದು ಸಲ ಓ ಅಂತಿದ್ದ" ಅಂದರು.

ಇಮಸ್ ಅವರ ಪಕ್ಕ ಕುಕ್ಕರಿಸಿ, ಚೀಲದಿಂದ ಟ್ಯೂಬು ತೆಗೆದು ಅವರ ಅಂಗೈಯಲ್ಲಿಟ್ಟಳು. ಅವರಿಗೆ ಕನ್ನಡಕ ಬೇಕಾಗಲಿಲ್ಲ. ಹೆಬ್ಬೆರಳು ಒಮ್ಮೆ ಕ್ಲಿಪ್ಪಿನ ಮೇಲೆ ಹೋಯಿತು, ನಿಂತಿತು.

"ಎಲ್ಲಿದು?"

"ಇಲ್ಲಿಯ ಸೈರನ್ನಿಂದು, ಅಬಾ."

"ಒಳಗಿನ ಬೋರ್ಡು?"

"ಒಂಚೂರೂ ಸುಟ್ಟಿಲ್ಲ."

"ಉಳೀತು ಹಾಗಾದ್ರೆ" ಅಂದರು ಅಬಾ, ಮೂವತ್ತೊಂದು ವರ್ಷದ ರೂಢಿಯಿಂದ. ಆಮೇಲೆ ಬಾಯಿ ಹಾಗೇ ತೆರೆದುಕೊಂಡು ಉಳಿಯಿತು. "ಯಾವಾಗ ಬಿದ್ದಿದ್ದು ಈ ಕ್ಲಿಪ್ಪು?"

"ಕಿಲುಬು ನೋಡಿದ್ರೆ ಎರಡು ಮೂರು ತಿಂಗಳಾಗಿರಬೇಕು. ಬೇಸಿಗೆ ಗುಡುಗಲ್ಲಿ."

"ಮೂರು ತಿಂಗಳು ಸತ್ತು ಬಿದ್ದಿತ್ತು. ಯಾರೂ ದೂರು ಕೊಡಲಿಲ್ಲ."

"ಯಾರು ಕೊಡ್ತಾರೆ ಅಬಾ? ಅದು ಹೇಗೂ ಸುಮ್ನೇ ಇರೋದು. ಆರಿಸಿದ್ದು ನಾನು. ನೀವಲ್ಲ. ನನ್ನ ಕೆಲಸ ಅದು."

"ಸುಳ್ಳು ಹೇಳ್ಬೇಡ. ನಾನು ಹೇಳಿದೆ, ನೀನು ಹೂಂ ಅಂದೆ."

ಅವರು ಗೋಡೆ ಹಿಡಿದು ಎದ್ದರು. ಇಮಸ್ ತೋಳು ಹಿಡಿಯಲು ಹೋದರೆ ಕೊಡವಿದರು. ಹಿತ್ತಲ ಬಾಗಿಲಲ್ಲಿ ನಿಂತು, ಅಷ್ಟೂ ಹೆಂಗಸರ ಮುಂದೆ ಕೂಗಿ ಹೇಳಿದರು, "ಉನಾ, ಅವನಿಗೆ ಕೇಳಿಸಲಿಲ್ಲ ಅಂತಲ್ಲ. ಅದು ಕೂಗಲೇ ಇಲ್ಲ. ನಾನು ಹೇಳಿ ಹಾಕಿಸಿದ ಒಂದು ತುಂಡು ಅದರ ಬಾಯಿ ಮುಚ್ಚಿತ್ತು. ನನ್ನ ತಮ್ಮನ ಕಿವಿ ಸರಿಯಾಗಿತ್ತು."

ಉನಾ ಅರೆಯುವ ಕಲ್ಲು ಬಿಟ್ಟಳು. ಅವಳು ಅಬಾನನ್ನು ನೋಡಲಿಲ್ಲ, ಇಮಸಳನ್ನು ನೋಡಿದಳು. "ಯಾವಾಗ ಗೊತ್ತಾಯ್ತು ನಿನಗೆ?"

"ಮೊನ್ನೆ ಬಿಬಿ."

"ಮೊನ್ನೆ." ಮೆಣಸಿನ ಕೈಯಲ್ಲೇ ಕಣ್ಣೊರೆಸಿಕೊಂಡಳು, ಉರಿ ಕೂಡ ಗೊತ್ತಾಗಲಿಲ್ಲ. "ನಿನ್ನೆ ಗೋರಿ ಹತ್ರ ಹೋಗಿ ಬೈದೆನಲ್ಲೇ. ಕಿವುಡ ಅಂದೆನಲ್ಲೇ. ಮೊನ್ನೆಯೇ ಹೇಳಿದ್ರೆ ಅದೊಂದಾದ್ರೂ ತಪ್ಪುತ್ತಿತ್ತಲ್ಲೇ ಇಮಸ್."

ಇಮಸ್ ಅರೆಯುವ ಕಲ್ಲಿನ ಮುಂದೆ ಕೂತು ಉಳಿದ ಮೆಣಸಿನಕಾಯಿ ಅರೆದಳು.

ಹೆರ್ಲಾನ್‌ನ ಕಾಗದದಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಳು. "ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕ್ಕೊಂಡ್ರಿ ತೇ" ಅಂದ ಅವನು. ಎರಡು ಕಾರ್ಖಾನೆಗಳು ಅವಳ ಅಂಗಡಿಗೆ ಬರುವುದು ಬಿಟ್ಟವು, ಬಿಡಲಿ. ಅವಳು ಸೈರನ್ನಿಗೆ ಹೊಸದಾಗಿ ಆರಿಸಲು ಕೂತಳು. ಬಾಗಿಲಲ್ಲಿ ಕ್ಲಿಪ್ ಇಲ್ಲದ ದಪ್ಪ ಟ್ಯೂಬು. ಅದರ ಹಿಂದೆ, ತಪ್ಪಿಸಿಕೊಂಡು ಬಂದ ಚೂರುಪಾರು ಹೊಡೆತ ಹಿಡಿಯಲು ಸಣ್ಣ ಡಯೋಡು. ಆದರೆ ಆ ಡಯೋಡು ಸತ್ತರೆ ಅದೂ ಬಾಯಿ ಮುಚ್ಚಿಯೇ ಸಾಯುತ್ತದೆ. ಅದನ್ನು ಬಿಟ್ಟರೆ ಬೋರ್ಡು ಸುಡುತ್ತದೆ. ಮೂರು ದಿನ ಬಿಡಿಭಾಗಗಳ ಪಟ್ಟಿ ತಿರುವಿದಳು, ಸಾಯದೇ ಇರುವ ಒಂದು ಭಾಗ ಯಾವ ಪಟ್ಟಿಯಲ್ಲೂ ಸಿಗಲಿಲ್ಲ.

"ಯಾವುದು ಹಾಕಿದ್ರೂ ಒಂದಿನ ಸಾಯುತ್ತೆ ಅಬಾ. ದಿನಾ ಒಂದು ಸಲ ಕೂಗಿಸಿ ನೋಡಬೇಕು, ಅಷ್ಟೇ ದಾರಿ. ತಾನೇ ಕೂಗೋ ಹಾಗೆ ಸೇತುವೆಯಲ್ಲಿ ಒಂದು ಗಡಿಯಾರ ಇಡ್ತೀನಿ."

"ಗಡಿಯಾರ ಬೇಡ" ಅಂದರು ಅಬಾ. ಏಳನೇ ದಿನದ ಮೇಲೆ ಅವರು ಆಡಿದ ಮೊದಲ ಮಾತು ಅದು. "ತೇಲುಬುರುಡೆಗೆ ಕಸ ಸಿಕ್ಕಿ ಹಾಕ್ಕೊಂಡಿದ್ರೂ ಗಡಿಯಾರ ಕೂಗುತ್ತೆ. ಮನುಷ್ಯ ಹೋಗಿ ಕೈಯಾರೆ ಬುರುಡೆ ಎತ್ತಬೇಕು. ನಾನು ಹೋಗ್ತೀನಿ."

"ಮೂರು ಕಿಲೋಮೀಟರ್ ಏರು ಅಬಾ. ನಿಮ್ಮ ಎದೆ..."

"ತಂತಿ ಕೆಳಗೆ ನಡೆದೇ ಮುದುಕ ಆದವನು ನಾನು. ನನಗೆ ದಾರಿ ಹೇಳ್ಬೇಡ."

ಊರಲ್ಲಿ ಹೊಸ ಕಟ್ಟಳೆ ಬಂತು. ಬೆಳಿಗ್ಗೆ ಏಳಕ್ಕೆ ಸೈರನ್ ಒಂದು ಸಲ ಚಿಕ್ಕ ಕೂಗು ಕೂಗಬೇಕು. ಕೂಗಿದರೆ ಕಲ್ಲಿನವರು ಇಳಿಯಬಹುದು. ಕೂಗದಿದ್ದರೆ ಒಬ್ಬನೂ ಹೊಳೆಗೆ ಕಾಲಿಡಕೂಡದು. ಕಾಯುವವಳು ಉನಾ. ಏಳಕ್ಕೆ ಮುಂಚೆ ದಡದಲ್ಲಿ ಪೊರಕೆ ಹಿಡಿದು ನಿಲ್ಲುತ್ತಿದ್ದಳು. ಯಾರಾದರೂ ಅವಸರ ಮಾಡಿದರೆ, "ನಿನ್ನ ಹೆಂಡ್ತಿಗೆ ಗೋರಿ ಹತ್ರ ಬೈಯೋ ಆಸೆ ಇದೆಯೇನೋ? ಹತ್ತು ಮೇಲೆ!" ಅಂತ ಗದರುತ್ತಿದ್ದಳು. ಗಂಡಸರು ನಗುತ್ತ ಹತ್ತುತ್ತಿದ್ದರು.

ಮೊದಲೆಲ್ಲ ಕಾಂಗ್, ಅಂದರೆ ಅಣ್ಣ, ಅಂತ ಕರೆಯುತ್ತಿದ್ದ ಅಬಾನ ಜೊತೆ ಅವಳು ಮಾತಾಡುತ್ತಿರಲಿಲ್ಲ. ಆದರೆ ಬೆಳಿಗ್ಗೆ ಐದೂವರೆಗೆ ಅವರ ಜಗಲಿಯ ಮೇಲೆ ಒಂದು ಲೋಟ ಕಾಫಿ, ಎರಡು ತುಂಡು ಬೇಯಿಸಿದ ಮರಗೆಣಸು ಇಟ್ಟುಹೋಗುತ್ತಿದ್ದಳು. ಅವರು ಕುಡಿದು, ಲೋಟ ತೊಳೆದು ಕವುಚಿಟ್ಟು, ಕೊಡೆ ಹಿಡಿದು ಹೊರಡುತ್ತಿದ್ದರು. ಹೀಗೆ ಹದಿನಾಲ್ಕು ತಿಂಗಳು. ಹಬ್ಬದ ದಿನವೂ ತಪ್ಪಲಿಲ್ಲ, ಜ್ವರ ಬಂದಾಗಲೂ ತಪ್ಪಲಿಲ್ಲ. ಆ ನಡುವೆ ಒಮ್ಮೆ ಡಯೋಡು ಸತ್ತಿತು. ಏಳಕ್ಕೆ ಕೂಗಲಿಲ್ಲ, ಮಧ್ಯಾಹ್ನದೊಳಗೆ ಇಮಸ್ ಬಂದು ಬದಲಾಯಿಸಿ ಹೋದಳು. ಅಬಾ ಅವತ್ತು ಮಾತ್ರ ಸ್ವಲ್ಪ ಗೆಲುವಾಗಿದ್ದರು. "ದೂರು ಬಂತು ನೋಡು ನೆಂಗ್" ಅಂದರು.

ಡಿಸೆಂಬರಿನ ಒಂದು ಗುರುವಾರ, ಇಮಸ್ ಅಂಗಡಿಯ ಬಾಗಿಲು ತೆಗೆಯುವಾಗ ಫೋನು ಬಂತು. ಉನಾ, ಮಸೀದಿ ಹಿಂದಿನ ದಿಬ್ಬದಿಂದ.

"ಇಮಸ್, ಏಳೂವರೆ ಆಯ್ತು, ಕೂಗಲಿಲ್ಲ. ಅಷ್ಟೂ ಜನರನ್ನ ಮೇಲೆ ನಿಲ್ಸಿದೀನಿ. ತಂತಿ ಮತ್ತೆ ಸತ್ತಿರಬೇಕು, ಬಾ."

"ಅಬಾ?"

"ಕಾಂಗ್ ಹೊತ್ತಿಗೆ ಸರಿಯಾಗೇ ಹೋದ್ರು. ಲೋಟ ಕವುಚಿಟ್ಟಿದೆ. ಮೇಲೆ ಬುರುಡೆ ಎತ್ತಿ ಎತ್ತಿ ಸಾಕಾಗಿ ನಿಂತಿರ್ತಾರೆ ಪಾಪ."

ಇಮಸ್ ಟ್ಯೂಬು, ಡಯೋಡು, ಮೀಟರು ಚೀಲಕ್ಕೆ ಹಾಕಿಕೊಂಡು ಬೈಕು ಹತ್ತಿದಳು. ಒಂದು ಗಂಟೆಯ ದಾರಿ. ಪೆಟ್ಟಿಗೆ ಬಿಚ್ಚಿ ಮೊದಲು ಟ್ಯೂಬು ನೋಡಿದಳು, ಸರಿ ಇತ್ತು. ಡಯೋಡು ನೋಡಿದಳು, ಅದೂ ಸರಿ. ತಂತಿಗೆ ಮೀಟರು ಹಿಡಿದಳು. ಸೇತುವೆಯ ತುದಿಯವರೆಗೂ ತಂತಿ ಜೀವಂತ ಇತ್ತು.

"ಏನು ಕೆಟ್ಟಿದೆ?" ಅಂದಳು ಉನಾ.

ಇಮಸ್ ಮೀಟರು ಕೆಳಗಿಟ್ಟಳು. "ಏನೂ ಕೆಟ್ಟಿಲ್ಲ ಬಿಬಿ" ಅಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಉನಾ ಪೊರಕೆ ಬಿಸಾಕಿ ಓಡಿದಳು, ಇಮಸ್ ಹಿಂದೆ ಓಡಿದಳು, ತಂತಿಯ ಕೆಳಗೆ, ಕಂಬದಿಂದ ಕಂಬಕ್ಕೆ. ಹತ್ತೊಂಬತ್ತನೇ ಕಂಬಕ್ಕೆ ಒರಗಿ ಅಬಾ ಕೂತಿದ್ದರು. ಕೊಡೆ ಮಡಚಿ ಮಡಿಲಲ್ಲಿತ್ತು, ಚಪ್ಪಲಿ ಎರಡೂ ಜೋಡಿಸಿ ಪಕ್ಕಕ್ಕಿಟ್ಟಿದ್ದವು. ಸ್ವಲ್ಪ ಸುಧಾರಿಸಿಕೊಂಡು ಹೋಗೋಣ ಅಂತ ಕೂತವರ ಹಾಗಿದ್ದರು. ಮೈ ಆಗಲೇ ತಣ್ಣಗಾಗಿತ್ತು.

ಉನಾ ಅವರ ಕಾಲ ಬಳಿ ಕುಸಿದಳು. "ಕಾಂಗ್, ಹದಿನಾಲ್ಕು ತಿಂಗಳು ನಿಮ್ಮ ಹತ್ರ ಒಂದು ಮಾತಾಡಲಿಲ್ಲವಲ್ಲ ಕಾಂಗ್" ಅಂತ ಗೋಳೋ ಎಂದು ಅತ್ತಳು. ಇಮಸಳಿಗೆ ಅಳು ಬರಲಿಲ್ಲ. ಹಿಂದೆಯೇ ಬಂದ ಗಂಡಸರು ಟೋಪಿ ಸರಿಮಾಡಿಕೊಂಡು ಪ್ರಾರ್ಥನೆ ಪಿಸುಗುಟ್ಟಿ, ಅಬಾನನ್ನು ಎತ್ತಿಕೊಂಡು ಕೆಳಗಿಳಿದರು.

ಇಮಸ್ ಒಬ್ಬಳೇ ಮೇಲಕ್ಕೆ ನಡೆದಳು. ಉಳಿದ ಕಂಬಗಳನ್ನು ಎಣಿಸುತ್ತ ಹೋದಳು. ಸೇತುವೆಯ ಕೆಳಗೆ ಬುರುಡೆಗೆ ಒಂದು ಬಾಳೆಲೆ ಸಿಕ್ಕಿಕೊಂಡಿತ್ತು, ತೆಗೆದು ನೀರಿಗೆ ಬಿಟ್ಟಳು. ಬುರುಡೆ ಎತ್ತಿ ಹಿಡಿದಳು. ದೂರದಲ್ಲಿ, ಕೆಳಗೆ ಸೈರನ್ ಕೂಗಿತು. ಆಗ ಅವಳಿಗೆ ಅಳು ಬಂತು. ಅಳು ಮುಗಿಯುವವರೆಗೂ ಬುರುಡೆ ಹಿಡಿದೇ ಇದ್ದಳು, ಸೈರನ್ ಕೂಗುತ್ತಲೇ ಇತ್ತು.

ಅವತ್ತು ಕೂಗಿದ ಮೇಲೂ ಪಸಿರ್ ಕಿಯಾರದಲ್ಲಿ ಯಾರೂ ಹೊಳೆಗೆ ಇಳಿಯಲಿಲ್ಲ.